ಹೊಸ ಬೆಂಚು, ಹಳೇ ಹೊಂಗೆ: ನಮ್ಮ ಪಾರ್ಕಿಗೆ ಮೂರು ಸ್ಟಾರ್

ದಾವಣಗೆರೆಯ ಹಳೇ ಬಡಾವಣೆಯೊಂದರ ಪಾರ್ಕು ಇದು. ಮೊಣಕಾಲು ನೋವಿನ ಅತ್ತೆಯನ್ನು ದಿನಾ ಸಂಜೆ ಇಲ್ಲಿಗೆ ಕರೆತರುವವಳು ನಾನು. ಹಾಗಾಗಿ ನನ್ನ ಸ್ಟಾರ್ ಲೆಕ್ಕವೆಲ್ಲ ಅವರ ಕಾಲಿನದು.

ರಿಪೇರಿಯಾದ ಮೇಲೆ ಲೈಟು ಚೆನ್ನಾಗಿದೆ. ಏಳೂವರೆವರೆಗೂ ಹೆಂಗಸರು ಧೈರ್ಯವಾಗಿ ಕೂರುತ್ತಾರೆ. ಆದರೆ ಆ ಬೆಂಚು! ಪೂರ್ತಿ ಗ್ರಾನೈಟು. ಬೆನ್ನಿಗೆ ಆಸರೆಯಿಲ್ಲ, ಕೈಯೂರಲು ಏನಿಲ್ಲ, ಮೇಲೆ ನೆರಳೂ ಇಲ್ಲ. ಏಪ್ರಿಲ್‌ನಲ್ಲಿ ಸಂಜೆ ಐದಕ್ಕೂ ಕಾದ ಹಂಚು. ಹಿಟ್ಟು ಹುಯ್ದು ಬೆಣ್ಣೆ ಹಾಕಿದರೆ ದೋಸೆ ಎದ್ದೀತು. ಅತ್ತೆ ಕೂತರೆ ಏಳಲು ನನ್ನ ಹೆಗಲೇ ಬೇಕು. "ಆ ಹಳೇ ಸಿಮೆಂಟ್ ಬೆಂಚೇ ಚಲೋ ಇತ್ತು ನೋಡವ್ವಾ" ಅಂತಾರೆ. ಅದು ಹೊಂಗೆ ಮರದ ಕೆಳಗಿತ್ತು.

ಆ ಹೊಂಗೆಯ ಬುಡದವರೆಗೂ ಈಗ ಇಂಟರ್‌ಲಾಕ್ ಹಾಸಿದ್ದಾರೆ. ಮಳೆನೀರು ಬೇರಿಗಿಳಿಯದೆ ಹರಿದು ಗೇಟಿನ ಮುಂದೆ ನಿಲ್ಲುತ್ತದೆ. ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಲು ಏನು ಖರ್ಚಿತ್ತೋ. ಗೇಟಿನ ಕಂಬಗಳ ನಡುವೆ ಬೈಕು ನುಗ್ಗುವುದಿಲ್ಲ, ಸರಿ, ಗಾಲಿಕುರ್ಚಿಯೂ ನುಗ್ಗುವುದಿಲ್ಲ.

ಈಗ ಮೂಲೆಯಲ್ಲೊಂದು ಕಟ್ಟಡದ ಮಾತು ಎದ್ದಿದೆ. ಪಾರ್ಕು, ಮೈದಾನ ಕಾಪಾಡಲೆಂದೇ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರಿನಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಲಿಲ್ಲ. ಹಳೇ ಬಡಾವಣೆಯಲ್ಲಿ ಹೊಸ ಜಾಗ ಹುಟ್ಟುತ್ತದೆಯೇ?

ಉದ್ದಕ್ಕೆ ನಡೆಯಬೇಕೆನ್ನುವವರು ಕುಂದವಾಡ ಕೆರೆಗೆ ಹೋಗಿ. ಅತ್ತೆಗೆ ಅಷ್ಟು ದೂರ ಆಗದು, ನಾವು ಇಲ್ಲೇ. ಕೂರಲು ಮನೆಯಿಂದ ಗೋಣಿಚೀಲ ತರುತ್ತೇವೆ.