ಶಿರಾಡಿ, ಚಾರ್ಮಾಡಿ, ಸಂಪಾಜೆ: ಅಮ್ಮನನ್ನು ಯಾವ ದಾರಿಯಲ್ಲಿ ಕರೆದೊಯ್ಯಲಿ?

ಅಕ್ಕನ ಮನೆ ಬೆಂಗಳೂರಿನಲ್ಲಿ, ನಾವು ಮಂಗಳೂರಿನಲ್ಲಿ. ಅಮ್ಮನಿಗೆ ಎಪ್ಪತ್ತು ದಾಟಿದೆ. ಘಾಟಿಯ ತಿರುವು ಶುರುವಾದರೆ ಸಾಕು, ಅವರಿಗೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಒಂದೇ ವರ್ಷದಲ್ಲಿ ಮೂರೂ ದಾರಿಯಲ್ಲಿ ಕಾರು ಓಡಿಸಿ ನೋಡಿದೆ.

ಬಿ.ಸಿ.ರೋಡಿನವರೆಗೆ ಎಲ್ಲಾ ಒಂದೇ. ಅಲ್ಲಿ ಎಡಕ್ಕೆ ಬೆಳ್ತಂಗಡಿ ಕಡೆ ಹೋದರೆ ಚಾರ್ಮಾಡಿ, ಹೆದ್ದಾರಿ 73. ಮಾಣಿಯಲ್ಲಿ ಬಲಕ್ಕೆ ಪುತ್ತೂರಿನತ್ತ ತಿರುಗಿದರೆ ಸಂಪಾಜೆ, 275. ಎಲ್ಲೂ ತಿರುಗದಿದ್ದರೆ ಶಿರಾಡಿ, 75.

ಚಾರ್ಮಾಡಿಯಷ್ಟು ಚಂದದ ದಾರಿ ಇನ್ನೊಂದಿಲ್ಲ. ಡಿಸೆಂಬರ್ ಬೆಳಿಗ್ಗೆ ಕೆಳಗೆ ಪೂರ್ತಿ ಮಂಜು. ಲಾರಿ ಕಾಟವೂ ಕಡಿಮೆ. ಆದರೆ ಹೇರ್‌ಪಿನ್ ತಿರುವುಗಳಲ್ಲಿ ಅಮ್ಮ ಕಣ್ಣೇ ತೆರೆಯಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ಮುಂದಿಟ್ಟರೂ ಮುಟ್ಟಲಿಲ್ಲ. ಆ ದಾರಿ ಅಲ್ಲಿಗೇ ಮುಗಿಯಿತು.

ಸಂಪಾಜೆಯಲ್ಲಿ ತಿರುವು ಇದ್ದರೂ ಅಷ್ಟು ಕಡಿದಲ್ಲ. ಸುಳ್ಯ ದಾಟಿದ ಮೇಲೆ ಪಯಸ್ವಿನಿ ಹೊಳೆ ಜೊತೆಗೇ ಬರುತ್ತಾಳೆ. ಮಡಿಕೇರಿಯಲ್ಲಿ ಅರ್ಧ ಗಂಟೆ ಕೂತೆವು, ಅಮ್ಮ ಸುಧಾರಿಸಿಕೊಂಡರು. ಮೈಸೂರಿನಿಂದ ಮುಂದೆ 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ, ಕಾರು ಅಲ್ಲಾಡುವುದೇ ಇಲ್ಲ. ಬೈಕಿನವರಿಗೆ ಮಾತ್ರ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಒಟ್ಟು ದಾರಿ ಶಿರಾಡಿಗಿಂತ ನಲವತ್ತು ಕಿಲೋಮೀಟರಿನಷ್ಟು ಜಾಸ್ತಿ. ಸಂಜೆಯ ಹೊತ್ತಿಗೆ ಅಮ್ಮನ ಸೊಂಟ ಹಿಡಿದಿತ್ತು.

ಶಿರಾಡಿಯದು ಸುಮಾರು 350 ಕಿಲೋಮೀಟರ್. ಕಾಂಕ್ರೀಟ್ ಹಾಕಲು 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಬಂದ್ ಮಾಡಿದಾಗ ನಾವೆಲ್ಲ ಬೈದಿದ್ದೆವು. ಈಗ ಆ ರಸ್ತೆಯ ಬೆಲೆ ಗೊತ್ತಾಗುತ್ತಿದೆ. ಏರು ನಿಧಾನ, ತಿರುವು ಉದ್ದ. ಸಕಲೇಶಪುರದಲ್ಲಿ ಅಮ್ಮ ತಾವೇ ಇಡ್ಲಿ ಕೇಳಿದರು! ತೊಂದರೆ ಕೊಡುವುದು ಗ್ಯಾಸ್ ಟ್ಯಾಂಕರುಗಳು. ಒಂದರ ಹಿಂದೆ ಸಿಕ್ಕಿಬಿದ್ದರೆ ಘಾಟಿಯ ಮೇಲಿನ ಮಾರನಹಳ್ಳಿಯವರೆಗೂ ಅದರ ಹೊಗೆಯೇ ಗತಿ. ಒಮ್ಮೆ ಏಳಕ್ಕೆ ಹೊರಟು ಅದನ್ನು ಅನುಭವಿಸಿದೆ. ಬೆಳಗಿನ ಜಾವ ನಾಲ್ಕೂವರೆಗೆ ಹೊರಟ ದಿನ ದಾರಿ ಸುಮಾರು ಖಾಲಿ ಇತ್ತು.

ಮಳೆಗಾಲದಲ್ಲಿ ಮೂರನ್ನೂ ನಾನು ನಂಬುವುದಿಲ್ಲ. 2018ರಲ್ಲಿ ಸಂಪಾಜೆ ದಾರಿಯ ಜೋಡುಪಾಲದಲ್ಲಿ, 2019ರಲ್ಲಿ ಚಾರ್ಮಾಡಿಯಲ್ಲಿ, 2024ರಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದದ್ದು ನೆನಪಿದೆ ಅಲ್ವಾ? ಜುಲೈ, ಆಗಸ್ಟಿನಲ್ಲಿ ಅಕ್ಕನೇ ಕಾಯಲಿ.

ಉಳಿದ ದಿನಗಳಲ್ಲಿ ನಮಗೆ ಶಿರಾಡಿಯೇ. ಅಮ್ಮನಿಗೆ ಮುಂದಿನ ಸೀಟು, ಕಿಟಕಿ ಸ್ವಲ್ಪ ತೆರೆದಿರಬೇಕು. ಘಾಟಿಯ ಬುಡದ ಗುಂಡ್ಯಕ್ಕೆ ಮೊದಲು ಏನೂ ತಿನ್ನಿಸಬಾರದು. ಕಲ್ಲಡ್ಕದ ಕೆ.ಟಿ., ಅಂದರೆ ಅಲ್ಲಿಯ ಹೆಸರಾದ ಚಹಾ, ವಾಪಸು ಬರುವಾಗ.