ಕರಿದ ನಿಪ್ಪಟ್ಟು, ಬೇಕ್ ಮಾಡಿದ ನಿಪ್ಪಟ್ಟು: ಮಡಿಕೇರಿಯ ಮಳೆಗಾಲದಲ್ಲಿ ಒಂದು ಹೋಲಿಕೆ

ಕರಿದ ತಿಂಡಿ ಕಡಿಮೆ ಮಾಡುವಂತೆ ಅಪ್ಪನಿಗೆ ವೈದ್ಯರು ಹೇಳಿದ್ದರಿಂದ, ಸಂಜೆಯ ಕಾಫಿಗೆ ಅವರು ಬಿಡಲಾರದ ನಿಪ್ಪಟ್ಟನ್ನು ಬೇರೆ ರೀತಿಯಲ್ಲಿ ಮಾಡಬಹುದೇ ಎಂದು ನೋಡಲು, ಕಳೆದ ಕಕ್ಕಡದಲ್ಲಿ (ಜುಲೈ-ಆಗಸ್ಟ್ ನಡುವೆ ಬರುವ ಕೊಡವರ ಮಳೆಗಾಲದ ತಿಂಗಳು) ಒಂದೇ ಹಿಟ್ಟನ್ನು ಮೂರು ಪಾಲು ಮಾಡಿ, ಒಂದನ್ನು ಕರಿದು, ಒಂದನ್ನು ಏರ್ ಫ್ರೈಯರ್‌ನಲ್ಲೂ ಇನ್ನೊಂದನ್ನು ಓವನ್‌ನಲ್ಲೂ ಬೇಯಿಸಿದೆ. ಎರಡು ಕಪ್ ಅಕ್ಕಿಹಿಟ್ಟಿಗೆ ಅರ್ಧ ಕಪ್ ಹುರಿಗಡಲೆ ಪುಡಿ, ಅರ್ಧ ಕಪ್ ತರಿಯಾಗಿ ಕುಟ್ಟಿದ ಕಡಲೆಬೀಜ, ಎರಡು ಚಮಚ ಚಿರೋಟಿ ರವೆ, ಎಳ್ಳು, ಕರಿಬೇವು, ಇಂಗು, ಖಾರದ ಪುಡಿ, ಉಪ್ಪು ಮತ್ತು ಮೂರು ದೊಡ್ಡ ಚಮಚ ಕಾದ ಎಣ್ಣೆ ಸೇರಿಸಿದ್ದೆ.

ಕರಿದ ನಿಪ್ಪಟ್ಟಿನ ರುಚಿಯ ಬಗ್ಗೆ ಎರಡು ಮಾತಿಲ್ಲ. ಹಿಟ್ಟಿನ ನೀರು ಆವಿಯಾಗಿ ಗುಳ್ಳೆಗಳಾಗಿ ಹೊರಬರುತ್ತದೆ. ಗುಳ್ಳೆ ಅಡಗಿದಾಗ ತೆಗೆದರೆ ಗರಿಗರಿಯಾಗಿರುತ್ತದೆ. ಆದರೆ ನೀರು ಬಿಟ್ಟ ಜಾಗವನ್ನು ಎಣ್ಣೆ ಹಿಡಿಯುತ್ತದೆ, ಕೆಳಗೆ ಹಾಸಿದ ಕಾಗದವೇ ಅದಕ್ಕೆ ಸಾಕ್ಷಿ.

ಏರ್ ಫ್ರೈಯರ್ ನನಗೆ ಹಿಡಿಸಲಿಲ್ಲ. ಒಂದು ಸಲಕ್ಕೆ ಐದೇ ಹಿಡಿಯುತ್ತವೆ, ಅಂಚು ಕೆಂಪಾಗುವಷ್ಟರಲ್ಲಿ ನಡುಭಾಗ ಮೆತ್ತಗೇ ಇರುತ್ತದೆ, ಮೇಲಿನ ಕರಿಬೇವು ಕಪ್ಪಾಗಿ ಕಹಿಯಾಗುತ್ತದೆ.

ಓವನ್‌ನ ಮೊದಲ ತಟ್ಟೆಯೂ ಸೋತಿತು: ನಿಪ್ಪಟ್ಟು ಗರಿಯಾಗದೆ ಕಲ್ಲಿನಂತೆ ಗಟ್ಟಿಯಾಯಿತು. ದೋಷ ಓವನ್‌ನದ್ದಲ್ಲ, ನನ್ನ ತಟ್ಟುವಿಕೆಯದ್ದು. ಬಾಣಲೆ ಸಹಿಸಿಕೊಳ್ಳುವ ದಪ್ಪವನ್ನು ಓವನ್ ಸಹಿಸುವುದಿಲ್ಲ. ಎರಡನೆಯ ಸಲ ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ನಾಣ್ಯದಷ್ಟು ತೆಳ್ಳಗೆ ತಟ್ಟಿ, ಉಬ್ಬದಂತೆ ಫೋರ್ಕಿನಿಂದ ಚುಚ್ಚಿ, ಮೇಲೆ ತೆಳುವಾಗಿ ಎಣ್ಣೆ ಹಚ್ಚಿ, 180 ಡಿಗ್ರಿಯಲ್ಲಿ 15 ನಿಮಿಷ, ಮಗುಚಿ ಮತ್ತೆ 8 ನಿಮಿಷ ಬೇಯಿಸಿದೆ. ಅದಾದ ಮೇಲೆ ಶಾಖವನ್ನು 110 ಡಿಗ್ರಿಗೆ ಇಳಿಸಿ ಇನ್ನೂ 15 ನಿಮಿಷ ಒಣಗಲು ಬಿಟ್ಟದ್ದೇ ಎಲ್ಲವನ್ನೂ ಬದಲಿಸಿತು. ತಣಿದ ಮೇಲೆ ಮುರಿದರೆ ಟಕ್ಕೆಂದು ಎರಡಾಯಿತು. ಹುರಿದ ಕಡಲೆಬೀಜದ ಘಮ ಕರಿದದ್ದಕ್ಕಿಂತ ಸ್ಪಷ್ಟವಾಗಿತ್ತು. ಬಾಯಲ್ಲಿ ಕರಗುವ ಗುಣ ಮಾತ್ರ ಕರಿದದ್ದಕ್ಕೇ ಹೆಚ್ಚು.

ನಮ್ಮೂರಿನ ಮಳೆಗಾಲದಲ್ಲಿ ಇನ್ನೊಂದು ಪರೀಕ್ಷೆ ಇದೆ. ಮುಚ್ಚದ ತಟ್ಟೆಯಲ್ಲಿ ಇಟ್ಟರೆ ಸಂಜೆಯೊಳಗೆ ಎರಡೂ ಮೆತ್ತಗಾದವು. ಬೇಕ್ ಮಾಡಿದ್ದನ್ನು 110 ಡಿಗ್ರಿಯಲ್ಲಿ ಎಂಟು ನಿಮಿಷ ಇಟ್ಟಾಗ ಹೊಸದರಂತಾಯಿತು. ಕರಿದದ್ದು ಗರಿಯಾದರೂ ಹಳೆಯ ಎಣ್ಣೆಯ ವಾಸನೆ ಬಿಟ್ಟಿತು. ಈಗ ದಿನನಿತ್ಯದ ಡಬ್ಬಿಗೆ ಓವನ್‌ನದ್ದನ್ನೇ ತುಂಬಿಸುತ್ತೇನೆ. ಗೌರಿ ಹಬ್ಬಕ್ಕೆ ಮಾತ್ರ ಬಾಣಲೆ ಇಡುತ್ತೇನೆ, ಅಂದು ಅಪ್ಪನಿಗೂ ಒಂದು ಕೊಡುತ್ತೇನೆ.