58 ಸಿಸಿ ಪೆಟ್ರೋಲ್ ಚೈನ್ ಸಾ: ಗೋವಾದಲ್ಲಿ ನಾಲ್ಕು ಮಳೆಗಾಲ ಕಂಡ ಮೇಲೆ

ಮರ ಕೊಯ್ಯುವ ಈ ಯಂತ್ರ ಎರಡು ಸ್ಟ್ರೋಕಿನದು, ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವಂಥದು. 58 ಸಿಸಿ, 20 ಇಂಚಿನ ಬಾರ್ (ಚೈನು ಸುತ್ತುವ ಉದ್ದನೆಯ ಪಟ್ಟಿ). ಬ್ರಾಂಡಿನ ಹೆಸರು ಬರೆದು ಪ್ರಯೋಜನವಿಲ್ಲ. ಒಂದೇ ಚೈನೀಸ್ ಅಚ್ಚಿನ ಯಂತ್ರಕ್ಕೆ ಹತ್ತಾರು ಸ್ಟಿಕರ್ ಅಂಟಿಸಿ ಮಾರುತ್ತಾರೆ. ಕಿತ್ತಳೆಯದರ ಕಾರ್ಬುರೇಟರ್ ಕೆಂಪಿನದಕ್ಕೆ ಸರಿಯಾಗಿ ಕೂರುತ್ತದೆ. ಬಳಸಿದ ಜಾಗ ಪೋಂಡಾ ತಾಲೂಕಿನ ಒಂದು ತೋಟ. ಗೇರು, ಅಕೇಶಿಯಾ, ಮಾವು, ಗಾಳಿಗೆ ಉರುಳಿದ ತೆಂಗು, ಎಲ್ಲವೂ ಕೊನೆಗೆ ಬಚ್ಚಲೊಲೆಗೆ. ವರ್ಷದಲ್ಲಿ ಎಂಟು ತಿಂಗಳು ಕೆಲಸ, ನಾಲ್ಕು ತಿಂಗಳು ಮೂಲೆ.

ಅಂಕ ಕೊಡಲೇಬೇಕೆಂದರೆ ಐದಕ್ಕೆ ಮೂರೂವರೆ. ಸಿಲಿಂಡರ್, ಪಿಸ್ಟನ್, ಕ್ರ್ಯಾಂಕ್ ಯಾವುದೂ ಇಲ್ಲಿಯವರೆಗೆ ತಕರಾರು ತೆಗೆದಿಲ್ಲ. ಹಾಳಾದದ್ದೆಲ್ಲ ರಬ್ಬರು: ಪೆಟ್ರೋಲ್ ಪೈಪು, ಪ್ರೈಮರ್ ಬಲ್ಬು (ಸ್ಟಾರ್ಟಿಗೆ ಮೊದಲು ಒತ್ತಿ ಪೆಟ್ರೋಲ್ ಎಳೆಯುವ ಗುಂಡಿ), ಕಾರ್ಬುರೇಟರಿನ ಡಯಾಫ್ರಂ ಎಂಬ ತೆಳು ಪೊರೆ. ಅದೂ ಓಡಿಸುವಾಗ ಅಲ್ಲ, ಮೂಲೆಯಲ್ಲಿ ಕೂತಿದ್ದಾಗ. ಹಾಗಾಗಿ ಈ ವಿಮರ್ಶೆಯ ಅರ್ಧ ಪೆಟ್ರೋಲಿನ ಬಗ್ಗೆಯೇ ಇದೆ.

ಈಗ ಪಂಪಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಅನುಮಾನವಿದ್ದರೆ ಗೆರೆ ಹಾಕಿದ ಗಾಜಿನ ಅಳತೆ ಜಾಡಿಯಲ್ಲಿ 80 ಮಿಲಿ ಪೆಟ್ರೋಲಿಗೆ 20 ಮಿಲಿ ನೀರು ಸೇರಿಸಿ, ಕುಲುಕಿ, ಹತ್ತು ನಿಮಿಷ ಬಿಟ್ಟು ನೋಡಿ. ತಳದ ನೀರಿನ ಪದರ 20ರ ಗೆರೆಗೆ ನಿಲ್ಲದೆ 35ರ ಆಸುಪಾಸಿಗೆ ಏರಿರುತ್ತದೆ. ಹೆಚ್ಚಾದದ್ದಷ್ಟೂ ನೀರಿಗೆ ಇಳಿದ ಎಥನಾಲ್. ಜಾಡಿಯೊಳಗೆ ಎಥನಾಲ್ ನೀರನ್ನು ಹೇಗೆ ಹಿಡಿದುಕೊಂಡಿತೋ, ಟ್ಯಾಂಕಿನೊಳಗೂ ಹಾಗೆಯೇ ಗಾಳಿಯ ತೇವವನ್ನು ಹಿಡಿದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋವಾದ ಗಾಳಿಯಲ್ಲಿ ತೇವಕ್ಕೇನು ಬರ? ಉಪ್ಪಿನ ಡಬ್ಬಿಯೇ ನೀರಾಗುವ ಊರು. ಪೆಟ್ರೋಲ್ ಆರಿದ ಮೇಲೆ ಆಯಿಲ್ ಅಂಟಾಗಿ ಉಳಿಯುತ್ತದೆ, ಅಲ್ಯುಮಿನಿಯಂ ಮೇಲೆ ಬಿಳಿ ಹುಡಿ ಕೂರುತ್ತದೆ, ಬಟ್ಟೆಯಂತೆ ಮೆತ್ತಗಿರಬೇಕಾದ ಡಯಾಫ್ರಂ ಒಣ ಅಡಿಕೆ ಹಾಳೆಯಂತೆ ಸೆಟೆಯುತ್ತದೆ.

ಮಿಶ್ರಣದ ವಿಷಯಕ್ಕೆ ಬಂದರೆ, ಜೊತೆಗೆ ಬಂದ ಪುಸ್ತಕ 25ಕ್ಕೆ 1 ಎನ್ನುತ್ತದೆ, ಅಂದರೆ ಲೀಟರಿಗೆ 40 ಮಿಲಿ. ಸಾಧಾರಣ ಟು-ಟಿ ಆಯಿಲಿಗೆ ಅದು ಸರಿ. ಜಾಸೋ ಎಫ್‌ಡಿ (ಜಪಾನಿನ ಮಾನದಂಡದ ಮೇಲ್ದರ್ಜೆ) ಆಯಿಲ್ ಹಾಕುವುದಾದರೆ 30 ಮಿಲಿ ಸಾಕು. ಇಷ್ಟು ವರ್ಷ ಅದೇ ಅಳತೆ. ಮುಚ್ಚಳದಲ್ಲಿ ಅಂದಾಜಿಗೆ ಸುರಿಯಬೇಡಿ, ಮೆಡಿಕಲ್ ಅಂಗಡಿಯ 50 ಮಿಲಿ ಸಿರಿಂಜ್ ತಂದಿಡಿ. ‘ಆಯಿಲ್ ಸ್ವಲ್ಪ ಜಾಸ್ತಿ ಬಿದ್ದರೆ ಇಂಜಿನ್ನಿಗೆ ಒಳ್ಳೆಯದೇ’ ಎನ್ನುವ ಮಾತನ್ನು ಎಲ್ಲರೂ ಹೇಳುತ್ತಾರೆ. ಕಾರ್ಬುರೇಟರಿನ ತೂತು ಅಷ್ಟೇ ಇರುವಾಗ ಆಯಿಲ್ ಹೆಚ್ಚಾದಷ್ಟೂ ಅದರಲ್ಲಿ ಹೋಗುವ ಪೆಟ್ರೋಲ್ ಕಡಿಮೆ, ಅಂದರೆ ಇಂಜಿನ್ ಇನ್ನಷ್ಟು ಬಿಸಿ. ಅಳತೆ ಬದಲಿಸಿದರೆ ಕಾರ್ಬುರೇಟರಿನ ಸ್ಕ್ರೂಗಳನ್ನೂ ಮತ್ತೆ ಕೂರಿಸಬೇಕು. ಒಂದು ಸಲಕ್ಕೆ ಒಂದೇ ಲೀಟರ್ ಬೆರೆಸಿ, ತಿಂಗಳೊಳಗೆ ಮುಗಿಸಿ.

ಕೆಟ್ಟದ್ದು ಏನು ಎಂದು ಪತ್ತೆ ಮಾಡಲು ಪ್ರೈಮರ್ ಬಲ್ಬು ಒಂದೇ ಸಾಕು. ಒತ್ತಿದ ಬಲ್ಬು ಒಳಗೇ ಅಂಟಿಕೊಂಡು ಮೇಲೇಳದಿದ್ದರೆ ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿದೆ. ಎಷ್ಟು ಒತ್ತಿದರೂ ಗುಳ್ಳೆಯೇ ಬರುತ್ತಿದ್ದರೆ ಪೈಪು ಬಿರಿದಿದೆ. ಸಾಮಾನ್ಯವಾಗಿ ಟ್ಯಾಂಕಿನ ಗೋಡೆ ದಾಟುವ ಜಾಗದಲ್ಲೇ ಬಿರಿಯುವುದು, ಹೊರಗಿನಿಂದ ಕಾಣುವುದಿಲ್ಲ. ಬಲ್ಬು ಸರಿಯಾಗಿ ತುಂಬಿಯೂ ಯಂತ್ರ ಎರಡು ಸಲ ಗುಕ್ಕೆಂದು ಆರಿದರೆ ಮಾತ್ರ ಕಾರ್ಬುರೇಟರ್ ಬಿಚ್ಚಿ.

ಬಿಚ್ಚಿದಾಗ ಎಲ್ಲರೂ ಎಡವುವುದು ಗ್ಯಾಸ್ಕೆಟ್ಟಿನ ಕ್ರಮದಲ್ಲಿ. ಒಂದೇ ಸ್ಕ್ರೂ ಇರುವ ಮುಚ್ಚಳ ಪಂಪಿನ ಕಡೆ. ಅಲ್ಲಿ ಕಾರ್ಬುರೇಟರಿನ ಮೈಗೆ ಮೊದಲು ತೆಳು ಡಯಾಫ್ರಂ, ಅದರ ಮೇಲೆ ಗ್ಯಾಸ್ಕೆಟ್. ನಾಲ್ಕು ಸ್ಕ್ರೂ ಇರುವ ಕಡೆ ಇದು ತಿರುಗುಮುರುಗು: ಮೊದಲು ಗ್ಯಾಸ್ಕೆಟ್, ಆಮೇಲೆ ನಡುವೆ ಗುಬ್ಬಿ ಇರುವ ಡಯಾಫ್ರಂ. ಇದು ಅದಲುಬದಲಾದರೆ ಯಂತ್ರ ಸ್ಟಾರ್ಟೇ ಆಗದು, ಆದರೂ ಸಿಲಿಂಡರ್ ತುಂಬ ಪೆಟ್ರೋಲ್ ಇರುತ್ತದೆ. ಒಳಗಿರುವ ಸಣ್ಣ ಲಿವರನ್ನು ಬಗ್ಗಿಸಲು ಹೋಗಬೇಡಿ. ಅದರಡಿಯ ಸೂಜಿಯ ತುದಿ ಸವೆದಿದೆಯೇ ನೋಡಿ, ಕಾರ್ಬ್ ಕ್ಲೀನರ್ ಹೊಡೆದು ಸೈಕಲ್ ಪಂಪಿನಿಂದ ಊದಿ. ತಂತಿ ತೂರಿಸಿದರೆ ತೂತಿನ ಅಳತೆ ಕೆಡುತ್ತದೆ. ಸೆಟೆದ ಡಯಾಫ್ರಂ ಕಿಟ್ ಬದಲಿಸುವುದು ಅಗ್ಗವೇ, ಆದರೆ ಪೂರ್ತಿ ಹೊಸ ಕಾರ್ಬುರೇಟರೂ ಯಂತ್ರದ ಬೆಲೆಯಲ್ಲಿ ಒಂದು ಸಣ್ಣ ಪಾಲು ಅಷ್ಟೇ. ಒಂದನ್ನು ತಂದು ಡಬ್ಬಿಯಲ್ಲಿಟ್ಟಿರುವುದು ಜಾಣತನ.

ಸ್ಕ್ರೂ ಕೂರಿಸುವುದು ಕಿವಿಯ ಕೆಲಸ. ಎಲ್ (ನಿಧಾನ ವೇಗದ ಪೆಟ್ರೋಲ್ ಸ್ಕ್ರೂ) ಮತ್ತು ಎಚ್ (ಪೂರ್ಣ ವೇಗದ್ದು) ಎರಡನ್ನೂ ಹಗುರವಾಗಿ ಪೂರ್ತಿ ಮುಚ್ಚಿ, ಒಂದೂಕಾಲು ಸುತ್ತು ಬಿಚ್ಚಿ ಶುರುಮಾಡಿ. ಯಂತ್ರ ಬಿಸಿಯಾದ ಮೇಲೆ ಎಲ್ ಅನ್ನು ಹೊಂದಿಸಿ. ಆಕ್ಸಿಲರೇಟರ್ ಒತ್ತಿದ ಕೂಡಲೇ ತಡವರಿಸದೆ ಏರಬೇಕು. ಐಡಲಿನಲ್ಲಿ ಚೈನು ತಿರುಗಕೂಡದು. ಎಚ್ ಹೊಂದಿಸಲು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಕೇಳಿ: ಗಾಳಿಯಲ್ಲಿ ಸ್ವಲ್ಪ ತೊದಲುತ್ತಿರಬೇಕು, ಮರಕ್ಕೆ ಕೂತ ಕೂಡಲೇ ತೊದಲು ನಿಂತು ಸ್ವರ ಒಂದಾಗಬೇಕು. ಗಾಳಿಯಲ್ಲೇ ಕೀಚಲಾಗಿ ನುಣ್ಣಗೆ ಕೂಗಿದರೆ ಕೇಳಲು ಚೆಂದ, ಪಿಸ್ಟನ್ನಿಗೆ ಮೃತ್ಯು. ಇನ್ನು ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ಇಳಿಯಲು ತಡಮಾಡುತ್ತಿದ್ದರೆ ಸ್ಕ್ರೂ ಮುಟ್ಟಬೇಡಿ. ಎಲ್ಲೋ ಗಾಳಿ ಸೋರುತ್ತಿದೆ, ಬಹುತೇಕ ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಸಂದಿಯಲ್ಲಿ.

ಚೈನಿನ ವಿಚಾರ. ಇದಕ್ಕೆ ಬೇಕಾದ್ದು .325 ಪಿಚ್ (ಕೊಂಡಿಗಳ ಅಂತರ, ಇಂಚಿನಲ್ಲಿ), .058 ಗೇಜ್ (ಒಳಹಲ್ಲಿನ ದಪ್ಪ), 20 ಇಂಚಿಗೆ 76 ಕೊಂಡಿ, ಅಂದರೆ ಬಾರಿನೊಳಗೆ ಓಡುವ ಒಳಹಲ್ಲು. ಅಂಗಡಿಯಲ್ಲಿ ‘ಅಣ್ಣಾ, 58ರ ಚೈನ್ ಕೊಡಿ’ ಎಂದರೆ 18 ಇಂಚಿನ 72 ಕೊಂಡಿಯದೋ 22 ಇಂಚಿನ 86ರದೋ ಕೈಗೆ ಬರುತ್ತದೆ. ಹಳೇ ಚೈನಿನ ಒಳಹಲ್ಲು ಎಣಿಸಿಕೊಂಡೇ ಹೋಗಿ. 76ರ ಚೈನಿನಲ್ಲಿ ಕೊಯ್ಯುವ ಹಲ್ಲು 38, ಎಡಕ್ಕೆ 19, ಬಲಕ್ಕೆ 19.

ಹಲ್ಲು ಹರಿತ ಮಾಡುವ ಅರ 4.8 ಮಿಮೀ ಗುಂಡನೆಯದು. ಹಲ್ಲಿನ ನೆತ್ತಿಯ ಮೇಲೆ 30 ಡಿಗ್ರಿಯ ಗೆರೆ ಇರುತ್ತದೆ, ಅರವನ್ನು ಅದಕ್ಕೆ ಸಮನಾಗಿ ಹಿಡಿದು ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು. ವಾಪಸು ಎಳೆಯುವಾಗ ಎತ್ತಬೇಕು. ಪ್ರತಿ ಹಲ್ಲಿಗೆ ಮೂರು ಉಜ್ಜು, ಎಲ್ಲಕ್ಕೂ ಅಷ್ಟೇ. ಒಂದು ಟ್ಯಾಂಕಿಗೆ ಒಂದು ಸಲ. ಟ್ಯಾಂಕು ಅರ್ಧ ಲೀಟರಿಗಿಂತ ತುಸು ಹೆಚ್ಚು ಹಿಡಿಯುತ್ತದೆ, ಬಿಡದೆ ಕೊಯ್ದರೆ ಅರ್ಧ ಗಂಟೆ. ಕೊಯ್ಲಿನಿಂದ ಚಕ್ಕೆ ಹಾರುತ್ತಿದ್ದರೆ ಹಲ್ಲು ಚೂಪು, ಹಿಟ್ಟಿನಂಥ ಹುಡಿ ಬರುತ್ತಿದ್ದರೆ ಮೊಂಡು. ಮೊಂಡಾದದ್ದನ್ನು ತೋಳಿನ ಬಲದಿಂದ ಒತ್ತಿದರೆ ಬಾರ್ ಕಾದು ನೀಲಿಯಾಗುತ್ತದೆ. ನಾಲ್ಕೈದು ಸಲ ಅರ ಹಾಕಿದ ಮೇಲೆ ಹಲ್ಲಿನ ಮುಂದಿರುವ ಗುಬ್ಬಿಯನ್ನೂ ಚಪ್ಪಟೆ ಅರದಿಂದ ಇಳಿಸಬೇಕು, ಹಲ್ಲಿನ ತುದಿಗಿಂತ 0.65 ಮಿಮೀ ಕೆಳಗೆ ಬರುವಂತೆ. ಇದನ್ನು ಮರೆತರೆ ಹಲ್ಲು ಎಷ್ಟೇ ಹರಿತವಿದ್ದರೂ ಮರವನ್ನು ಸವರಿಕೊಂಡು ಹೋಗುತ್ತದೆ. ಅತಿಯಾಗಿ ಇಳಿಸಿದರೆ ಯಂತ್ರ ಮೈಮೇಲೆ ಜಗ್ಗುತ್ತದೆ. ಕೊಯ್ಲು ಒಂದೇ ಕಡೆಗೆ ಬಾಗುತ್ತಿದ್ದರೆ ಒಂದು ಬದಿಯ ಹಲ್ಲು ಗಿಡ್ಡವಾಗಿವೆ. ಬಲಗೈಯವರು ಒಂದು ಬದಿಗೆ ಗೊತ್ತಿಲ್ಲದೆ ಹೆಚ್ಚು ಉಜ್ಜುತ್ತಾರೆ.

ಇಲ್ಲಿಯ ಕೆಂಪು ಜಂಬಿಟ್ಟಿಗೆ ಮಣ್ಣು ಚೈನಿನ ಮೊದಲ ಶತ್ರು. ದಿಮ್ಮಿಯನ್ನು ನೆಲದ ಮೇಲಿಟ್ಟು ಕೊಯ್ಯುವಾಗ ತುದಿ ಒಂದೇ ಒಂದು ಸಲ ಕಲ್ಲಿಗೆ ತಾಗಿದರೂ ಸಾಕು, 38 ಹಲ್ಲೂ ಮೊಂಡು. ಅಡಿಗೆ ಎರಡು ಅಡ್ಡ ತುಂಡು ಕೊಟ್ಟು ಎತ್ತರಿಸಿ. ಎರಡನೆಯದು ಬೇಲಿಯ ಗೇರುಮರ. ಹಿಂದಿನವರು ಹೊಡೆದ ಮುಳ್ಳುತಂತಿ, ಮೊಳೆ ಮರದೊಳಗೇ ಮುಚ್ಚಿಹೋಗಿರುತ್ತದೆ. ತೊಗಟೆಯಲ್ಲಿ ಕಪ್ಪು ಗೆರೆ ಕಂಡರೆ ಆ ಎದೆಯೆತ್ತರದ ಭಾಗ ಬಿಟ್ಟುಬಿಡಿ. ತೆಂಗಿನ ಬೊಡ್ಡೆ ಮೆತ್ತಗೆ ಕಂಡರೂ ಬುಡದ ಹೊರಪದರ ಚೈನನ್ನು ತಿನ್ನುತ್ತದೆ. ಅರ್ಧ ಟ್ಯಾಂಕಿಗೇ ಅರ ಬೇಕಾಗುತ್ತದೆ. ಅದರ ನಾರು ಕೊಡಲಿಗೆ ಸೀಳುವುದೂ ಇಲ್ಲ, ಆದ್ದರಿಂದ ಬಿಲ್ಲೆಬಿಲ್ಲೆಯಾಗಿಯೇ ಕೊಯ್ಯಬೇಕು. ಗೇರಿನ ಅಂಟು ಕ್ಲಚ್ ಮುಚ್ಚಳದೊಳಗೆ ಹುಡಿಯ ಜೊತೆ ಸೇರಿ ಹಲ್ವದಂತೆ ಗಟ್ಟಿಯಾಗುತ್ತದೆ. ದಿನದ ಕೊನೆಗೆ ಮುಚ್ಚಳ ಬಿಚ್ಚಿ ಡೀಸೆಲ್ ಹಚ್ಚಿದ ಬ್ರಶ್ಶಿನಿಂದ ಕೆರೆಯಿರಿ, ಬಾರಿನ ಅಂಚಿನ ತೋಡನ್ನೂ ಆಯಿಲ್ ತೂತನ್ನೂ ಬಿಡಿಸಿ, ಬಾರನ್ನು ತಲೆಕೆಳಗು ಮಾಡಿ ಹಾಕಿ. ಆಗ ಎರಡೂ ಅಂಚು ಸಮನಾಗಿ ಸವೆಯುತ್ತವೆ.

ಬಾರಿಗೆ ಎಸ್‌ಎಇ 30 ಆಯಿಲ್, ಸಿಗದಿದ್ದರೆ ಹೊಸ 20-ಡಬ್ಲ್ಯೂ-40. ಗ್ಯಾರೇಜಿನ ಸುಟ್ಟ ಆಯಿಲ್ ಪುಕ್ಕಟೆ ಸಿಗುತ್ತದೆ ನಿಜ, ಅದರಲ್ಲಿರುವ ಲೋಹದ ಹುಡಿ ಪಂಪನ್ನು ತಿನ್ನುವುದೂ ನಿಜ. ಬಾರಿನ ತುದಿಯನ್ನು ಒಣ ಹಲಗೆಯಿಂದ ಒಂದು ಗೇಣು ದೂರ ಹಿಡಿದು ಆಕ್ಸಿಲರೇಟರ್ ಒತ್ತಿ. ಹಲಗೆಯ ಮೇಲೆ ಆಯಿಲಿನ ಗೆರೆ ಮೂಡಬೇಕು. ಮೂಡದಿದ್ದರೆ, ತೂತೂ ತೆರೆದೇ ಇದ್ದರೆ, ಕ್ಲಚ್ಚಿನ ಹಿಂದೆ ಆಯಿಲ್ ಪಂಪನ್ನು ತಿರುಗಿಸುವ ಪ್ಲಾಸ್ಟಿಕ್ ವರ್ಮ್ ಗೇರಿನ ಹಲ್ಲು ಹೋಗಿದೆ. ಅದನ್ನು ತಲುಪಲು ಕ್ಲಚ್ ಬಿಚ್ಚಬೇಕು, ಕ್ಲಚ್ಚಿನ ಥ್ರೆಡ್ ಉಲ್ಟಾ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಪ್ಲಗ್ ತೆಗೆದು, ಪಿಸ್ಟನ್ ಎಕ್ಸಾಸ್ಟ್ ಬಾಯಿ ಮುಚ್ಚುವಷ್ಟು ಮೇಲೆ ಬಂದಾಗ ಒಂದು ಮೊಳ ನೈಲಾನ್ ಹಗ್ಗ ತುರುಕಿದರೆ ಇಂಜಿನ್ ತಿರುಗದೆ ನಿಲ್ಲುತ್ತದೆ. ಸ್ಕ್ರೂ ಡ್ರೈವರ್ ತುರುಕಿದವರು ಪಿಸ್ಟನ್ ತೂತು ಮಾಡಿಕೊಳ್ಳುತ್ತಾರೆ.

ಮಿಕ್ಕ ಕಿರಿಕಿರಿ ಸಣ್ಣವು. ಸೈಲೆನ್ಸರಿನ ಬೋಲ್ಟು ನಡುಗಿ ಸಡಿಲವಾಗುತ್ತದೆ, ಸ್ಪ್ರಿಂಗ್ ವಾಷರ್ ಹಾಕಿ. ಸ್ಟಾರ್ಟರ್ ಹಗ್ಗ ಗಂಟಿನ ಹತ್ತಿರ ಸವೆದು ತುಂಡಾಗುತ್ತದೆ. ಪ್ಲಗ್ಗಿನ ಸಂದು 0.6ರಿಂದ 0.7 ಮಿಮೀ, ಕಾಯಿಲ್ ಮತ್ತು ಫ್ಲೈವೀಲ್ ನಡುವೆ 0.3 ಮಿಮೀ, ಗೇಜ್ ಇಲ್ಲದಿದ್ದರೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿ ಮಾಡಿ.

ಮಳೆಗಾಲಕ್ಕೆ ಕಟ್ಟಿಡುವ ಕ್ರಮ ಹೀಗೆ. ಟ್ಯಾಂಕ್ ಬಗ್ಗಿಸಿ ಖಾಲಿ ಮಾಡಿ, ಬಲ್ಬಿನಲ್ಲಿ ಗಾಳಿ ಬರುವ ತನಕ ಒತ್ತಿ, ಸ್ಟಾರ್ಟ್ ಮಾಡಿ ತಾನಾಗಿ ಆರಲು ಬಿಡಿ. ಚೋಕ್ ಎಳೆದು ಇನ್ನೊಮ್ಮೆ. ಪ್ಲಗ್ ತೂತಿನಲ್ಲಿ 5 ಮಿಲಿ ಟು-ಟಿ ಆಯಿಲ್ ಬಿಟ್ಟು ಹಗ್ಗವನ್ನು ಮೂರು ಸಲ ಮೆಲ್ಲಗೆ ಎಳೆಯಿರಿ. ಪ್ಲಗ್ ಹಾಕಿ ಮತ್ತೆ ಎಳೆದು ಬಿಗಿ ಸಿಕ್ಕಲ್ಲಿ ನಿಲ್ಲಿಸಿ. ಆಗ ಪಿಸ್ಟನ್ ಮೇಲಿದ್ದು ಎಕ್ಸಾಸ್ಟ್ ಬಾಯಿ ಮುಚ್ಚಿರುತ್ತದೆ. ಚೈನನ್ನು ಆಯಿಲ್ ಡಬ್ಬಿಯಲ್ಲಿ ಮುಳುಗಿಸಿ. ಯಂತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಒಳಗೇ ಬೆವರುತ್ತದೆ. ಬಾರ್ ಆಯಿಲ್ ತಳದಿಂದ ಜಿನುಗುವುದು ಈ ಅಚ್ಚಿನ ಹುಟ್ಟುಗುಣ, ಅಡಿಗೆ ಒಂದು ಹಳೇ ತಟ್ಟೆ ಇಡಿ. ಹೀಗೆ ಇಟ್ಟ ವರ್ಷ ಅಕ್ಟೋಬರಿನಲ್ಲಿ ಹೊಸ ಪೆಟ್ರೋಲಿಗೆ ಐದಾರು ಎಳೆತಕ್ಕೆ ಹತ್ತಿದೆ. ಇಡದ ವರ್ಷ ಕಿಟ್ ಬದಲಿಸಬೇಕಾಯಿತು.

ಕಟ್ಟಿಗೆ ಕೊಯ್ಯಲು ನವೆಂಬರ್–ಡಿಸೆಂಬರ್ ಒಳ್ಳೆಯ ಕಾಲ, ಮೇ ಮುಗಿಯುವಷ್ಟರಲ್ಲಿ ಒಣಗುತ್ತದೆ. ಮಾರ್ಚ್ ನಂತರ ಫೆಣಿ ಭಟ್ಟಿಗಳು ಹೊತ್ತಿಕೊಂಡ ಮೇಲೆ ಕೊಂಡು ತರುವ ಕಟ್ಟಿಗೆಗೂ ಪೈಪೋಟಿ. ಒಣಗಿತೋ ಇಲ್ಲವೋ ತಿಳಿಯಲು ಒಂದು ತುಂಡಿಗೆ ಸೀಮೆಸುಣ್ಣದಿಂದ ತೂಕ ಬರೆದು ಹದಿನೈದು ದಿನಕ್ಕೊಮ್ಮೆ ತೂಗಿ. ಎರಡು ಸಲ ತೂಕ ಇಳಿಯದಿದ್ದರೆ ಒಲೆಗೆ ತಯಾರು. ಅಕೇಶಿಯಾ ಕೆಂಡ ನಿಲ್ಲಿಸುತ್ತದೆ, ಮಾವು ಬೇಗ ಹೊತ್ತಿ ಬೇಗ ಮುಗಿಯುತ್ತದೆ. ನಿಂತ ಮರಕ್ಕೆ ಕೈಹಚ್ಚುವ ಮೊದಲು ಅನುಮತಿ ಬೇಕು, ಸ್ವಂತ ಜಮೀನಾದರೂ. ಗೋವಾದಲ್ಲಿ 1984ರ ಮರ ಸಂರಕ್ಷಣಾ ಕಾಯಿದೆ ಇದೆ, ಅರ್ಜಿ ಅರಣ್ಯ ಇಲಾಖೆಗೆ.

ಬಾರಿನ ತುದಿಯ ಮೇಲಿನ ಕಾಲುಭಾಗ ಯಾವುದಕ್ಕೂ ತಾಗಕೂಡದು, ತಾಗಿದರೆ ಯಂತ್ರ ಮುಖಕ್ಕೆ ಹಾರುತ್ತದೆ. ಪ್ರತಿ ದಿನ ಶುರುವಿನಲ್ಲಿ ಚೈನ್ ಬ್ರೇಕ್ ಪರೀಕ್ಷಿಸಿ. ಕನ್ನಡಕ, ಕಿವಿಮುಚ್ಚಳ, ಗಟ್ಟಿ ಶೂ. ಚಪ್ಪಲಿ, ಲುಂಗಿ ಬೇಡವೇ ಬೇಡ.

ಅಂಗಳದಲ್ಲಷ್ಟೇ ಕೊಯ್ಯುವವರಿಗೆ, ಪ್ಲಗ್ ಪಾಯಿಂಟ್ 20 ಮೀಟರಿನೊಳಗಿದ್ದರೆ, 16 ಇಂಚಿನ ಕರೆಂಟಿನ ಯಂತ್ರವೇ ಮೇಲು. ಪೆಟ್ರೋಲಿನ ಈ ತಾಪತ್ರಯ ಯಾವುದೂ ಇಲ್ಲ. ತೋಟಕ್ಕೆ ಮಾತ್ರ ಮತ್ತೆ ಕೊಳ್ಳುವುದಾದರೂ ಈ 58ನ್ನೇ, ಆದರೆ 18 ಇಂಚಿನ ಬಾರ್ ಹಾಕಿಸಿ. ಬಚ್ಚಲೊಲೆಯ ಕಟ್ಟಿಗೆಗೆ 20 ಇಂಚು ಎಂದೂ ಬೇಕಾಗಿಲ್ಲ, ಅರ ಹಾಕುವ ಹಲ್ಲೂ ಎರಡು ಕಡಿಮೆ.